ಮುನಿಸ್ವಾಮಪ್ಪನವರ ಕಿವಿ ಹಾಗೂ ತೆರಿಗೆ ಮರುಪಾವತಿ ಕುರಿತು

ಮರುಪಾವತಿ ನಿಧಾನೀಕರಣ ಘಟಕ
ಸಂಖ್ಯೆ: ಮನಿಘ/ಕಿವಿ/ತಡ/2025-26

ವಿಷಯ: ಆದಾಯ ತೆರಿಗೆ ಮರುಪಾವತಿಯು ತಡವಾಗುವುದು, ಸವೆಯುವುದು ಹಾಗೂ ಕಾಯುವವರ ನಡವಳಿಕೆ.

ಉಲ್ಲೇಖ: ಚಾಂಪಿಯನ್ ರೀಫ್ಸ್ ಲೈನು ಮನೆಯ ನಿವೃತ್ತ ಗಣಿ ಕಾರ್ಮಿಕ ಶ್ರೀ ಮುನಿಸ್ವಾಮಪ್ಪನವರ ಮನವಿ, ಜ್ಞಾಪನ, ಮರುಜ್ಞಾಪನ.

ಸುರಂಗದ ಸಿಡಿಮದ್ದಿಗೆ ಎರಡೂ ಕಿವಿ ಒಪ್ಪಿಸಿ ಬಂದ ಸದರಿಯವರು, ಭಜನೆ ಮಂದಿರದಲ್ಲಿ ಓದುವ ಮಹಾಭಾರತದ ಪದ್ಯಗಳಿಗೆ ಈಗ ಓದುವವರ ತುಟಿ ನೋಡಿ ತಲೆದೂಗುತ್ತಿರುತ್ತಾರೆ. ಠೇವಣಿ ಬಡ್ಡಿಯಲ್ಲಿ ಬ್ಯಾಂಕು ಮುರಿದುಕೊಂಡ ತೆರಿಗೆ ವಾಪಸು ಬಂದರೆ ಎರಡು ಕಿವಿಗೂ ಯಂತ್ರ ಕೊಳ್ಳುವ ದುರಾಸೆ ಅವರಿಗಿರುವುದು ಘಟಕದ ಗಮನಕ್ಕೆ ಬಂದಿದೆ. ಆದಕಾರಣ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ:

1. ತೆರಿಗೆ ವಿವರ ಸಲ್ಲಿಸಿದ ಮಾತ್ರಕ್ಕೆ ಸಲ್ಲಿಸಿದಂತಾಗುವುದಿಲ್ಲ. ಸಲ್ಲಿಸಿದವರು ತಾವೇ ಎಂದು ಮೊಬೈಲಿಗೆ ಬರುವ ಓಟಿಪಿಯಿಂದ ದೃಢಪಡಿಸತಕ್ಕದ್ದು.

2. ಲೈನಿನ ಮನೆಗಳಿಗೆಲ್ಲ ಒಬ್ಬರದೇ ಮೊಬೈಲ್ ನಂಬರು ಕೊಡುವ ವಾಡಿಕೆಯಂತೆ ಅರ್ಜಿದಾರರು ಪಕ್ಕದ ಮನೆಯ ಶ್ರೀ ಅಂಬರೀಶ್ ನಂಬರನ್ನು ಕೊಟ್ಟಿರುತ್ತಾರೆ. ಓಟಿಪಿ ಬಂದಾಗ ಅಂಬರೀಶ್ ಬಂಗಾರಪೇಟೆ ದಾಟಿದ ರೈಲಿನಲ್ಲಿ ನಿಂತಿದ್ದರು. ಫೋನು ಜೇಬಿನಲ್ಲಿತ್ತು; ಜೇಬಿಗೆ ಕೈ ಹೋಗುವಷ್ಟು ಜಾಗವಿರಲಿಲ್ಲ. ವೈಟ್‌ಫೀಲ್ಡಿನಲ್ಲಿ ಜನ ಇಳಿದು ಕೈ ಆಡುವಷ್ಟರಲ್ಲಿ ಓಟಿಪಿ ಸತ್ತಿತ್ತು. ಇನ್ನು ಮುಂದೆ ನೆರೆಯವರ ಓಟಿಪಿ ಹೊತ್ತವರು ಸೀಟು ಸಿಕ್ಕ ದಿನ ಮಾತ್ರ ಪ್ರಯಾಣಿಸತಕ್ಕದ್ದು.

3. ಅಂಬರೀಶ್ ರಜೆಯಲ್ಲಿದ್ದ ದಿನ ಅದೇ ನಂಬರಿಗೆ ಕರೆ ಮಾಡಿ, ವಿಳಂಬದ ಕಾರಣವನ್ನು ಮುನಿಸ್ವಾಮಪ್ಪನವರಿಗೆ ಸವಿಸ್ತಾರವಾಗಿ ವಿವರಿಸಲಾಯಿತು. ಅವರು ಕೇಳಿಸಿಕೊಳ್ಳಲಿಲ್ಲ. ಇದನ್ನು ಅಸಹಕಾರವೆಂದು ದಾಖಲಿಸಲಾಗಿದೆ. ಪತ್ನಿ ಶ್ರೀಮತಿ ಮುನಿರತ್ನಮ್ಮ ಫೋನು ಕಿತ್ತುಕೊಂಡು, “ನೀವು ದುಡ್ಡು ಕೊಟ್ರೆ ತಾನೆ ಸಾಮಿ ಇವ್ರಿಗೆ ಕೇಳ್ಸೋದು? ಕೇಳ್ಸಿದ್ರೇನೇ ದುಡ್ಡು ಅಂದ್ರೆ ನಾನೆಲ್ಲಿಗೆ ಓಗ್ಲಿ?” ಎಂದಿರುತ್ತಾರೆ. ಎಲ್ಲಿಗೆ ಹೋಗಬೇಕೆಂಬ ನಮೂನೆಯು ಪರಿಶೀಲನೆಯಲ್ಲಿದೆ.

4. ತರುವಾಯ ಅಂಬರೀಶ್ ಒಂದು ದಿನದ ಕೂಲಿ ಬಿಟ್ಟು, ಮನೆಯ ಜಗುಲಿಯಲ್ಲೇ ಕೂತು ಓಟಿಪಿ ಹಿಡಿದುಕೊಟ್ಟ ಕಾರಣ ಮರುಪಾವತಿ ಮಂಜೂರಾಗಿದೆ. ಆದರೆ ಅರ್ಜಿದಾರರಿಗೂ ಘಟಕಕ್ಕೂ ನೆನಪಿಲ್ಲದ, ಕಂಪ್ಯೂಟರಿಗೆ ಮಾತ್ರ ನೆನಪಿರುವ ಹಳೆಯ ಬಾಕಿಯೊಂದನ್ನು ಅದರಲ್ಲಿ ಮುರಿದುಕೊಳ್ಳಲಾಗಿದೆ. ಆಕ್ಷೇಪಣೆ ಕೋರಿ ಮುಂಚೆಯೇ ಸಂದೇಶ ಕಳಿಸಲಾಗಿತ್ತು. ಅದೂ ರೈಲಿನಲ್ಲೇ ಇತ್ತು.

5. ಉಳಿದ ಮೊತ್ತವು ಒಂದು ಕಿವಿಗೆ ಸಾಕಾಗುತ್ತದೆ. ಎಡವೋ ಬಲವೋ ಎಂಬುದನ್ನು ಅರ್ಜಿದಾರರು ದೃಢಪಡಿಸತಕ್ಕದ್ದು. ಅದಕ್ಕಾಗಿ ಓಟಿಪಿ ಕಳಿಸಲಾಗುವುದು.

(ಸಹಿ ಬರಬೇಕಾಗಿದೆ)
ಹಿರಿಯ ನಿಧಾನಾಧಿಕಾರಿ

ಪ್ರತಿಗಳು:
1. ಶ್ರೀಮತಿ ಮುನಿರತ್ನಮ್ಮ: ಪತಿಗೆ ಕೂಗಿ ಹೇಳಲು.
2. ಶ್ರೀ ಅಂಬರೀಶ್ ಅವರ ಜೇಬು.
3. ಭಜನೆ ಮಂದಿರ: ಮುಂದಿನ ಆದೇಶದವರೆಗೆ ಪದ್ಯಗಳನ್ನು ಒಂದೇ ಪಕ್ಕದಿಂದ ಓದಲು.
4. ಉಳಿದ ಕಿವಿ: ಕಡತಕ್ಕೆ.