ಮಾವನ ಕತ್ತರಿ

ನನ್ನ ಸೋದರಮಾವನ ಕೈಗೆ ಕಾಗದ ಕೊಟ್ಟರೆ ಅದು ಕಾಗದವಾಗಿ ವಾಪಸು ಬಂದದ್ದೇ ಇಲ್ಲ! ಪೇಪರ್ ಓದಲು ಕೂತರೆ ನಮಗೆ ಸಿಗುತ್ತಿದ್ದದ್ದು ಕಿಟಕಿಗಳು. ಯಾರು ಗೆದ್ದರು, ಯಾರು ಸೋತರು ಎಂಬುದು ಸದಾ ತೂತಿನೊಳಗೇ!

ಮಾವ ಬ್ರಹ್ಮಚಾರಿ. ಕೊಲ್ಲಿ ನಾಡಿನ ರುಮೈಥಿಯಾದ ನಮ್ಮ ಫ್ಲ್ಯಾಟಿನಲ್ಲೇ ಇದ್ದುಕೊಂಡು ಶುವೈಖ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಈ ಕಾಗದ ಕತ್ತರಿಸುವ ಹುಚ್ಚು ಹತ್ತಿಸಿದವನು ಗೋದಾಮಿನ ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಚೀನಾದವನು. ಶೆ ಎಂಬ ಬೆಟ್ಟದ ಜನರ ಪೈಕಿಯಂತೆ. ಅವರಲ್ಲಿ ಮದುವೆಯ ಉಡುಗೊರೆಗಳ ಮೇಲೆ ಕೆಂಪು ಕಾಗದದ ಹೂವು, ಹಕ್ಕಿ ಕತ್ತರಿಸಿ ಇಡುತ್ತಾರಂತೆ. ಪೆನ್ಸಿಲ್ ಗೆರೆ ಇಲ್ಲ, ಕತ್ತರಿ ನಡೆದದ್ದೇ ದಾರಿ.

"ಅವನಿಗೆ ತುಳು ಬರುವುದಿಲ್ಲ, ನಿಮಗೆ ಚೀನೀ ಬರುವುದಿಲ್ಲ. ಹೇಗೆ ಕಲಿತಿರಿ ಮಾವ?"

"ಕತ್ತರಿಗೆ ಎಂತ ಭಾಷೆ ಮಾರಾಯ!"

ಊರಿನ ಗೆಳೆಯರೊಬ್ಬರ ಮದುವೆಯ ವಾರ್ಷಿಕೋತ್ಸವಕ್ಕೆ ಮಾವ ಉದ್ದ ಬಾಲದ ಹಕ್ಕಿಯೊಂದನ್ನು ಕತ್ತರಿಸಿ ಒಯ್ದರು. ಗೆಳೆಯರು ಕಣ್ಣರಳಿಸಿ, "ಭಾರೀ ಹುಂಜ! ಅಂಕಕ್ಕೆ ಬಿಡಬಹುದು!" ಎಂದರು. ಚೀನಾದ ಮಂಗಳ ಪಕ್ಷಿಗೆ ಕೋಳಿ ಕಾಳಗದ ಗತಿ! ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ನಾನು ಬರೆದಿಟ್ಟ ರಜೆ ಅರ್ಜಿಯೂ ಒಮ್ಮೆ ನವಿಲಾಯಿತು. ಬೇರೆ ಬರೆಯಲು ಪುರುಸೊತ್ತಿಲ್ಲದೆ ಅದನ್ನೇ ಕೊಟ್ಟು ಕ್ಷಮೆ ಕೇಳಿದೆ. ಕಫೀಲ್, ಎಂದರೆ ನನಗೆ ವೀಸಾ ಕೊಟ್ಟ ಧಣಿ, ನವಿಲನ್ನು ಗೋಡೆಗೆ ಅಂಟಿಸಿಕೊಂಡ. ರಜೆ ಕೊಡಲಿಲ್ಲ!

ಆಮೇಲೆ ತೊಂಬತ್ತರ ಆಗಸ್ಟ್ ಬಂತು, ಬಾಗ್ದಾದಿನ ಸೈನ್ಯ ಒಳನುಗ್ಗಿತು. ಬೆಳಗ್ಗೆ ಗುಂಡಿನ ಸದ್ದಿಗೆ ಎದ್ದ ಇಂಗ್ಲಿಷ್ ಶಾಲೆಗೆ ಸೇರಿದ್ದ ನನ್ನ ಐದು ವರ್ಷದ ಮಗಳು ಅಂದೇ ಮಾತು ನಿಲ್ಲಿಸಿದಳು. ಐದು ವಾರ ಒಂದಕ್ಷರ ಇಲ್ಲ. ಎಲ್ಲ ಬಿಟ್ಟು ಹೊರಟು ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳಿನ ಡೇರೆ ಸೇರಿದರೂ ಇಲ್ಲ. ಅವಳು ಅಜ್ಜ ಎನ್ನುತ್ತಿದ್ದ ಮಾವ ದಿನವಿಡೀ ಅವಳೆದುರು ಕೂತು ಬಿಸ್ಕತ್ತಿನ ಹೊದಿಕೆಗಳನ್ನು ಕತ್ತರಿಸುತ್ತಿದ್ದರು. ಅವಳು ನೋಡುತ್ತಿದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಶಿಬಿರದಲ್ಲಿ ಊರಿಗೆ ಹೋಗುವ ವಿಮಾನದ ಪಟ್ಟಿ ಓದಿದರು. ಸಂಸಾರಸ್ಥರಿಗೆ ಮೊದಲು. ನಮ್ಮ ಮೂವರ ಹೆಸರಿತ್ತು, ಮಾವನದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಯಲ್ಲಾ, ಬೇಗ ಗಂಟು ಕಟ್ಟು" ಎಂದು ಗದರಿ ಅವರು ಕೆಂಪು ಕಾಗದವೊಂದನ್ನು ಮಡಚಿದರು. ಕತ್ತರಿ ಆಡಿತು. ಬಿಡಿಸಿದರೆ ಕೈಕೈ ಹಿಡಿದ ಮೂವರು: ಅಪ್ಪ, ಅಮ್ಮ, ಮಗು.

ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ವೇರ್ ಈಸ್ ಅಜ್ಜ?"

ನನ್ನ ಹೆಂಡತಿ ಕೈಯಲ್ಲಿದ್ದ ಚೀಲ ಬಿಟ್ಟಳು. ಮಾವನ ಕತ್ತರಿ ಮರಳಿಗೆ ಬಿತ್ತು. ಅವರು ಅದನ್ನು ಹೆಕ್ಕಿ, ಅಂಗಿಗೆ ಒರೆಸಿ, ಒರೆಸಿದ್ದನ್ನೇ ಒರೆಸುತ್ತಾ, "ಬರ್ತಾನೆ ಮಗಾ, ಅಜ್ಜ ಹಿಂದಿನಿಂದ ಬರ್ತಾನೆ" ಎಂದು ಇನ್ನೊಂದು ಕಾಗದ ಮಡಚಿದರು. ಈ ಸಲ ನಾಲ್ವರು ಬಂದರು.

ಹನ್ನೆರಡು ದಿನ ಕಳೆದು ಮಾವನೂ ಕ್ಷೇಮವಾಗಿ ಮಂಗಳೂರು ಸೇರಿದರು. ಬಸ್ ಸ್ಟ್ಯಾಂಡಿನಲ್ಲೇ ಅವರ ಕಾಲಿಗೆ ಬಿದ್ದೆ. ಅವರಿಗೆ ಗೊತ್ತಿರಲಿಲ್ಲ: ಅಂದು ವಿಮಾನ ಹತ್ತಿದ ಮಗಳು ಬೊಂಬಾಯಿವರೆಗೂ ಬಾಯಿ ಮುಚ್ಚಲಿಲ್ಲ. ಸುಮ್ಮನಿರು ಎನ್ನಲು ಅಕ್ಕಪಕ್ಕದವರಿಗೂ ಮನಸ್ಸಾಗಲಿಲ್ಲ.