ಜಯಸಿಂಹನ ಹಿಮಾಲಯ ತಾಲೀಮು

ಮೇ ತಿಂಗಳಲ್ಲಿ ಹಿಮಾಲಯದ ಅಭಯಾರಣ್ಯಕ್ಕೆ ಹೋಗುವುದೆಂದು ನಿಶ್ಚಯಿಸಿದ ದಿನದಿಂದ ಜಯಸಿಂಹನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. (ನಿಲ್ಲುವ ಕಷ್ಟ ಹಳೆಯದೇ. ಬಾಂಬೆಯಲ್ಲಿ ಕಾಂದಿವಲಿಯಿಂದ ಚರ್ಚ್‌ಗೇಟ್‌ವರೆಗೆ ಲೋಕಲ್‌ನಲ್ಲಿ ಅವನು ನಿಲ್ಲುತ್ತಿದ್ದುದು ಇನ್ನೊಬ್ಬರ ಕಾಲಿನ ಮೇಲೆ.) ಜನ್ಮದಲ್ಲಿ ಒಮ್ಮೆಯಾದರೂ ಜನರಿಲ್ಲದ ಜಾಗದಲ್ಲಿ ನಿಂತು ಹಿಮ ನೋಡಬೇಕು, ಕಸ್ತೂರಿಮೃಗ ನೋಡಬೇಕು, ಇದೊಂದೇ ಅವನ ಆಸೆ. ಆಫೀಸಿನಲ್ಲಿ ಗೋಗರೆದು ರಜೆ ಗಿಟ್ಟಿಸಿದ. ತನಗೂ ಹೆಂಡತಿ ಕೌಸಲ್ಯಾಗೂ ಹರಿದ್ವಾರಕ್ಕೆ ಟಿಕೆಟ್ ತಂದ. ಅಂದಿನಿಂದಲೇ ತಾಲೀಮು ಆರಂಭ.

ಅಲ್ಲಿ ಬಿಸಿನೀರು ಸಿಗುವುದಿಲ್ಲವೆಂದು ತಣ್ಣೀರು ಸ್ನಾನ ಹಿಡಿದ. ಹಾಸಿಗೆ ಇರುವುದಿಲ್ಲವೆಂದು ಬಾಲ್ಕನಿಯಲ್ಲಿ ಚಾಪೆ ಹಾಸಿದ. ಚಳಿಗೆ ಬೇಕೆಂದು ಗಡ್ಡ ಬಿಟ್ಟ. ಕಂಬಳಿ ಹೊದ್ದು, ಬೆನ್ನಿಗೆ ಅಕ್ಕಿಮೂಟೆ ಕಟ್ಟಿಕೊಂಡು ದಿನಾ ಬೆಳಿಗ್ಗೆ ಕಾಲೊನಿಗೆ ಪ್ರದಕ್ಷಿಣೆ ಹಾಕತೊಡಗಿದ. ಸದ್ದಾದರೆ ಪ್ರಾಣಿಗಳು ಓಡಿಹೋಗುತ್ತವಲ್ಲ, ಅದಕ್ಕೆ ಮೌನವನ್ನೂ ಅಭ್ಯಾಸ ಮಾಡಿದ.

"ಏನ್ರೀ, ಕಾಫಿ ಬೇಕೋ ಬೇಡ್ವೋ?" ಎಂದು ಕೌಸಲ್ಯಾ ಕೇಳಿದರೆ ಅವನು ಆಶೀರ್ವಾದ ಮಾಡುವವನಂತೆ ಬಲಗೈ ಎತ್ತುತ್ತಿದ್ದ.

"ಬಾಯಿಗೇನು ಬಂದಿದೆ ನಿಮಗೆ? ಬಾಯಿ ಬಿಟ್ಟು ಹೇಳಿ!"

"ಶ್! ನಿನ್ನ ಗಂಟಲಿಗೆ ಕಸ್ತೂರಿಮೃಗ ಇಷ್ಟೊತ್ತಿಗೆ ಟಿಬೆಟ್ ಸೇರಿರೋದು."

ಎದುರು ಫ್ಲ್ಯಾಟಿನ ಪುಟ್ಟಲಕ್ಷ್ಮಿ, ಮೈಸೂರಿನಲ್ಲಿ ಕೌಸಲ್ಯಾಳ ತವರಿನ ಬೀದಿಯವಳೇ, ಇದನ್ನೆಲ್ಲ ನೋಡುತ್ತಿದ್ದಳು. ಗಡ್ಡ, ಕಂಬಳಿ, ಚಾಪೆ, ತಣ್ಣೀರು, ಮೌನ. ಮೇಲೆ ಹಿಮಾಲಯದ ಟಿಕೆಟ್ ಬೇರೆ! ಇನ್ನೇನು ಉಳಿಯಿತು? ಕೌಸಲ್ಯಾಳ ತಾಯಿ ಅಮ್ಮಣ್ಣಿಗೆ ಟ್ರಂಕ್ ಕಾಲ್ ಮಾಡಿಯೇಬಿಟ್ಟಳು: "ನಿಮ್ಮ ಅಳಿಯಂದಿರು ಸನ್ಯಾಸ ತಗೋತಿದ್ದಾರೆ, ಬೇಗ ಬನ್ನಿ!"

ಅಮ್ಮಣ್ಣಿ ಮೈಸೂರಿನಿಂದ ಹೊರಟು, ಬಾಂಬೆಯ ಕುರ್ಲಾದಲ್ಲಿದ್ದ ಮಗ ಕೇಶವಮೂರ್ತಿಯನ್ನು ಎಳೆದುಕೊಂಡು ಬಂದಿಳಿದರು. ಬಾಗಿಲು ತೆರೆದ ಅಳಿಯನ ಗಡ್ಡ ಕಂಡದ್ದೇ ತಡ, ಹೊಸ್ತಿಲಲ್ಲೇ ಅಳು ಶುರುವಾಯಿತು. ಜಯಸಿಂಹನ ಮೌನ ಅಲ್ಲಿಗೆ ಮುರಿಯಿತು.

"ಸನ್ಯಾಸವೂ ಇಲ್ಲ, ಗಿನ್ಯಾಸವೂ ಇಲ್ಲ ಅತ್ತೆ! ಕಸ್ತೂರಿಮೃಗ, ಚಿರತೆ ನೋಡೋಕೆ ಹೋಗ್ತಿದೀನಿ."

"ಜಿಂಕೆ, ಚಿರತೆ! ಚರ್ಮ ಹಾಸ್ಕೊಂಡು ಕೂರೋಕೆ ತಾನೇ?"

"ಕೌಸಲ್ಯಾನೂ ಬರ್ತಾಳೆ. ಬೇಕಾದ್ರೆ ಟಿಕೆಟ್ ನೋಡಿ!"

"ಹೆಂಡ್ತೀನ ಕರ್ಕೊಂಡು ಕಾಡಿಗೆ ಹೋಗೋದಕ್ಕೆ ವಾನಪ್ರಸ್ಥ ಅಂತಾರೆ ಅಳಿಯಂದ್ರೇ. ನನ್ನ ಮಗಳಿಗೆ ಅದರ ವಯಸ್ಸಾ?"

ಜಯಸಿಂಹ ದೀನನಾಗಿ ಹೆಂಡತಿಯತ್ತ ನೋಡಿದ. ಅವಳೊಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದಳು ಕೂಡ.

"ನನಗೇನು ಗೊತ್ತಮ್ಮ? ಒಂದು ತಿಂಗಳಿಂದ ನನ್ನ ಹತ್ರ ನೆಟ್ಟಗೆ ಮಾತೇ ಇಲ್ಲ."

(ಇದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದೇ ಅವನ ಗ್ರಹಚಾರ.)

ತೀರ್ಪು ಹೊರಬಿತ್ತು. ವೈರಾಗ್ಯ ಬಂದ ಗಂಡಸಿಗೆ ಹಿಮಾಲಯದ ದಿಕ್ಕನ್ನೂ ತೋರಿಸಕೂಡದು. ಆದರೆ ಟಿಕೆಟ್ ದಂಡವಾಗಬಾರದು. ಹರಿದ್ವಾರ ದಾಟಿದರೆ ಬದರಿ ಇದ್ದೇ ಇದೆ, ತಾಯಿ ಮಗಳು ಹೋಗಿಬರುವುದು. ಕೇಶವಮೂರ್ತಿ ಓಡಾಡಿ ಭಾವನ ಟಿಕೆಟನ್ನು ಅಮ್ಮನ ಹೆಸರಿಗೆ ಮಾಡಿಸಿದ. ಅವರು ಬರುವತನಕ ಭಾವನನ್ನು ಕಾಯುವ ಕೆಲಸವೂ ಅವನದೇ.

ಬಾಂಬೆ ಸೆಂಟ್ರಲ್‌ನಲ್ಲಿ ಜಯಸಿಂಹ ತನ್ನ ಬ್ಯಾಗನ್ನು ತಾನೇ ಹೊತ್ತು ತಂದು ಅತ್ತೆಯ ಸೀಟಿನ ಕೆಳಗೆ ತಳ್ಳಿದ. ಅವನ ದುರ್ಬೀನು ಅಮ್ಮಣ್ಣಿಯ ಕೊರಳಲ್ಲಿತ್ತು, ಮಂಕಿಕ್ಯಾಪ್ ಕೌಸಲ್ಯಾಳ ಮಡಿಲಲ್ಲಿ. ಅವನು ಕೆಳಗಿಳಿದು ನಿಂತ. ಗಾಡಿ ಹೊರಟಿತು.

"ರೀ, ಹಾಲಿನವನಿಗೆ ಅರ್ಧ ಲೀಟರ್ ಸಾಕು ಅನ್ನಿ!" ಎಂದಳು ಕೌಸಲ್ಯಾ.

ಅಷ್ಟು ದಿನ ಚಡಪಡಿಸಿದ ಜೀವ ತಡೆಯದಾಯಿತು. ಅವನು ಗಾಡಿಯ ಜೊತೆಗೇ ಓಡಿ ಬಾಗಿಲಿನ ಸರಳು ಹಿಡಿದ. ಕಾಲಿಡುವಷ್ಟರಲ್ಲಿ ಕೇಶವಮೂರ್ತಿ ಹಿಂದಿನಿಂದ ಸೊಂಟಕ್ಕೆ ಜೋತುಬಿದ್ದ.

"ಪಕಡೋ, ಪಕಡೋ! ಜೀಜಾಜಿ ಸನ್ಯಾಸ್ ಲೇನೇ ಭಾಗ್ ರಹೇ ಹೈಂ!" ಹಿಡೀರಿ, ಭಾವ ಸನ್ಯಾಸಕ್ಕೆ ಓಡ್ತಿದ್ದಾರೆ ಎಂದು ಹಿಂದಿಯಲ್ಲಿ ಕಿರುಚಿದ.

ಗಡ್ಡ ನೋಡಿದ ಮೇಲೆ ಕೂಲಿಗಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಾಲ್ಕೂ ಕಡೆಯಿಂದ ಬಂದು ಅಮುಕಿ ಹಿಡಿದರು. ದೂರವಾಗುತ್ತಿದ್ದ ಕಿಟಕಿಯಿಂದ ಅಮ್ಮಣ್ಣಿ ದುರ್ಬೀನು ಕಣ್ಣಿಗೊತ್ತಿಕೊಂಡು ಎಲ್ಲವನ್ನೂ ನೋಡಿದರು.

"ನೋಡ್ದೇನೇ ಕೌಸಲ್ಯಾ? ನಾನು ಹೇಳಿದ್ದು ಸುಳ್ಳಾ?"