ಅವ್ವ ಹೇಳದ ಹೆಸರು

ನಮ್ಮ ಮನ್ಯಾಗ ನಾಕು ದಿನ ಏನೂ ಅನಾಹುತ ಆಗಲಿಲ್ಲಂದ್ರ ನಮಗೇ ಹೆದರಿಕಿ ಆಗ್ತದ. ನಾನು ಆಳಂದದಾಗ ಔಷಧ ಅಂಗಡಿ ಇಟ್ಟೇನಿ. ಅಪ್ಪ, ಅವ್ವ ಗೊಬ್ಬೂರದಾಗ ಹೊಲಾ ನೋಡ್ಕೊಂಡು ಇದ್ದಾರ. ಎಲ್ಲಾ ಅನಾಹುತಕ್ಕೂ ಬೇರು ಒಂದೇ. ಅವ್ವ ಗಂಡನ ಹೆಸರು ಹೇಳಂಗಿಲ್ಲ. ಅಪ್ಪನ ಹೆಸರು ಭೀಮಾಶಂಕರ. ನಮ್ಮ ಸೀಮಿಯೊಳಗ ಹರಿಯೋ ಹೊಳಿ ಭೀಮಾ. ಹಿಂಗಾಗಿ ಅವ್ವ ಹೊಳಿ ಹೆಸರೂ ಹೇಳಂಗಿಲ್ಲ.

ದವಾಖಾನಿ

ಒಮ್ಮೆ ಅಪ್ಪಗ ಹೊಟ್ಟಿನೋವು ಬಂದಿತ್ತು. ಅವ್ವ ದವಾಖಾನಿಗೆ ಕರಕೊಂಡು ಹೋದಳು. ಚೀಟಿ ಮಾಡಾಂವ ಕೇಳಿದ, "ಪೇಶಂಟ್ ಹೆಸರೇನಮ್ಮಾ?"

"ನಮ್ಮ ಹೊಳೀದು ಅದಲ್ಲಪಾ, ಅದೇ."

ಅಂವ ಬ್ಯಾರೆ ಕಡಿಯಾಂವ, ಹಂಗೇ ಬರಕೊಂಡ. ಒಳಗಿಂದ ನರ್ಸ್ "ಹೊಳೆಪ್ಪ! ಯಾರ್ರೀ ಹೊಳೆಪ್ಪ?" ಅಂತ ಒದರಿ ಒದರಿ ಸುಮ್ನಾದ್ಳು. ಅಪ್ಪ ತನ್ನ ಪಾಳಿ ಬರ್ತದಂತ ಸಂಜಿಮಟ ಕುಂತ. ಕಡೀಕ ಹೊಟ್ಟಿನೋವೇ ಬ್ಯಾಸತ್ತು ಹೋತು.

ಪರೀಕ್ಷಾ

ಸೂಟಿಯೊಳಗ ನನ್ನ ಮಗಳು ಅವ್ವನ ಹತ್ರ ಕುಂತು ಓದಾಕತ್ತಿದ್ಳು. "ಆಯಿ, ನಮ್ಮ ಕಡಿ ಯಾವ ನದಿ ಹರೀತದ?" ಅಂದ್ಳು.

"ನಿಮ್ಮ ಮುತ್ಯಾನೇ" ಅಂದ್ಳು ಅವ್ವ, ಅಪ್ಪನ ಕಡೆ ಕೈ ಮಾಡಿ.

ಮಗಳು ಪರೀಕ್ಷಾದಾಗ ಚಂದ ಅಕ್ಷರದಾಗ ಬರದಿದ್ಳು: "ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳಲ್ಲಿ ನಮ್ಮ ಮುತ್ಯಾ ಹರಿಯುತ್ತಾನೆ. ಇದರಿಂದ ರೈತರಿಗೆ ಬಹಳ ಅನುಕೂಲವಾಗಿದೆ." ಮಾಸ್ತರು ಅರ್ಧ ಮಾರ್ಕ್ಸ್ ಕೊಟ್ಟಿದ್ರು. ಯಾಕ್ರಿ ಅಂತ ಕೇಳಿದ್ರ, "ಎರಡನೇ ವಾಕ್ಯ ಖರೇ ಅದ ಅಲ್ರಿ" ಅಂದ್ರು.

ದೋಣಿ

ಈ ಸಲ ಎಳ್ಳ ಅಮಾಸಿ ಮರುದಿನ ಉಳಿದ ಭಜ್ಜಿ, ಸಜ್ಜಿ ರೊಟ್ಟಿ ಕಟಗೊಂಡು, ನನ್ನ ಹೆಂಡ್ತಿ, ಮಗಳು ಕೂಡಿ ಎಲ್ಲಾರೂ ಹೊಳಿಗೆ ಹೋದಿವಿ. ದೋಣಿ ನಡಸೋ ಚಾಚಾ ನಮ್ಮನ್ನ ಒಂದು ಸುತ್ತು ತಿರುಗಿಸಿ ದಂಡಿಗೆ ತಂದ. ಹಗ್ಗ ಕಟ್ಟಾಕ ಹ್ವಾದ್ರ ಅಪ್ಪ ಕಸಕೊಂಡ. "ಬಿಡೋ ಮಾರಾಯಾ, ಜನ್ಮೆಲ್ಲಾ ಎತ್ತು ಕಟ್ಟೇನಿ, ನಿನ್ನ ದೋಣಿ ಏನು ದೊಡ್ಡದು!" ಅಂದು ಎತ್ತಿನ ಗಂಟೇ ಹಾಕಿದ. ಒಂದು ತುದಿ ಎಳದ್ರ ಬಿಚ್ಚೋ ಗಂಟದು.

ಚಾಚಾನೂ ನಮ್ಮ ಕೂಡ ಊಟಕ್ಕ ಕುಂತ. ಅಪ್ಪ ಎಲ್ಲಾರಗಿಂತ ಮೊದಲು ಉಂಡು, ಥಂಡಿ ಗಾಳಿ ಅಂತ ಕಿವಿ ಮುಚ್ಚಿ ಟವಲ ಸುತ್ತಿ ದೋಣ್ಯಾಗ ಮಲಗಿದ. ನಾವು ಮಸರನ್ನಕ್ಕ ಬರೂದ್ರಾಗ ದೋಣಿ ಹೊರಟಿತ್ತು.

"ಯಾ ಅಲ್ಲಾ! ಮುಂದ ಮಡು ಅದ, ಆಳು ಮುಳುಗತಾನ!" ಅಂದ ಚಾಚಾ.

ಅಪ್ಪಗ ಈಸು ಬರಂಗಿಲ್ಲ, ನನಗೂ ಬರಂಗಿಲ್ಲ. "ಹೋಗ್ರಿ ಚಾಚಾ, ತರ್ರಿ!" ಅಂದೆ.

"ಹ್ಯಾಂಗ ಹೋಗ್ಲಿ ಸಾಬ್? ಇರೋದು ಒಂದೇ ದೋಣಿ. ಅದರಾಗ ಅವರೇ ಮಲಗ್ಯಾರ" ಅಂದ. ಅಂದ್ರೂ ಪಾಪ, ಅಂಗಿ ಬಿಚ್ಚಾಕತ್ತಿದ.

ನಾನು "ಯಪ್ಪಾ! ಯಪ್ಪಾ!" ಅಂತ ಚೀರಿದೆ. ಮಂದಿ ಓಡಿ ಬಂದು "ಎಲ್ಲಿ ಕಡೀತ್ರಿ? ಚೇಳೇನು?" ಅಂತ ನನ್ನ ಕಾಲು ನೋಡಾಕತ್ರು.

ಅವ್ವ ನೀರಿಗಿ ಇಳದು "ಏನ್ರೀ!" ಅಂದ್ಳು. ದಂಡಿ ಮ್ಯಾಲಿದ್ದ ಗಂಡಸರೆಲ್ಲಾ ತಿರುಗಿ ನೋಡಿದ್ರು. ನೋಡಬೇಕಾದಾಂವ ಗೊರಕಿ ಹೊಡ್ಯಾಕತ್ತಿದ್ದ.

ದೋಣಿ ಮಡುವಿನ ಕಡೆ ಹೊಳ್ಳಿತು. ಅವ್ವ ನನ್ನ ಮಾರಿ ನೋಡಿದಳು, ಸೊಸಿ ಮಾರಿ ನೋಡಿದಳು, ತಲಿ ಮ್ಯಾಲಿನ ಸೆರಗು ಸರಿ ಮಾಡ್ಕೊಂಡಳು. ಆಮ್ಯಾಲ ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ ಒದರಿದಳು:

"ಭೀಮಾ!"

'ಶಂಕರ' ಅನ್ನೋದು ಗಂಟಲದಾಗೇ ಸಿಕ್ಕಬಿತ್ತು. ಮತ್ತ ಒದರಿದಳು, "ಭೀಮಾ! ಭೀಮಾ!"

ದಂಡಿ ಮಂದಿಗೆಲ್ಲಾ ತಿಳೀತು, ಈಕಿ ಮೈಯಾಗ ಹೊಳಿ ಬಂದದಂತ. ಎಲ್ಲಾರೂ ಕೈ ಮುಗದ್ರು. ಯಾವಕಿನೋ ಒಬ್ಬಾಕಿ ಮುದುಕಿ ಬಂದು ಅವ್ವನ ಹಣಿಗೆ ಕುಂಕುಮ ಹಚ್ಚಿ, "ತಾಯೀ, ನನ್ನ ಮಮ್ಮಗಗ ನೌಕರಿ ಯಾವಾಗ ಹತ್ತತದ ಹೇಳವಾ" ಅಂತ ಕಾಲಿಗೆ ಬಿದ್ದಳು.

ಅತ್ತ ದೋಣ್ಯಾಗ ಟವಲ ಮ್ಯಾಲ ಎದ್ದಿತು. ನಾ ಚೀರಿದ್ದು ಕೇಳದ ಕಿವಿಗೆ ಅದು ಕೇಳಿತ್ತು. ಅಪ್ಪ ಎದ್ದೇ ನಿಂತ, ದೋಣಿ ವಾಲಿತು, ಧಬಾಲ್ ಅಂತ ನೀರಾಗ ಬಿದ್ದ. ನಾನು ದಂಡಿಗುಂಟ ಓಡಿದೆ. ಅಪ್ಪ ಎದ್ದು ನಿಂತ. ನೀರು ಟೊಂಕಮಟ ಇತ್ತು. ಮಡು ಇನ್ನೂ ಮುಂದಿತ್ತು. ಚಾಚಾ ಅಂಗಿ ಮತ್ತ ಹಾಕ್ಕೊಂಡ.

ಅಪ್ಪ ದೋಣಿ ಹಗ್ಗ ಜಗ್ಗಿಕೋತ, ನೀರು ಸೋರಿಸಿಕೋತ ದಂಡಿಗೆ ಬಂದ. ಜೀವ ಉಳದದ್ದು ಅಂವಗ ಗೊತ್ತೇ ಇಲ್ಲ. ಸಿಟ್ಟು ನೆತ್ತಿಗೇರಿತ್ತು.

"ಯಾರದು, ಊರ ಮಂದಿ ಮುಂದ ನನ್ನ ಹೆಸರು ಹಿಡದು ಕರದದ್ದು?"

ನಾವೆಲ್ಲಾ ಅವ್ವನ ಕಡೆ ನೋಡಿದಿವಿ. ಅವ್ವ ಕಣ್ಣೀರು ಒರಸಿಕೊಂಡು, ಹಣಿ ಮ್ಯಾಲಿನ ಕುಂಕುಮ ಸರಿ ಮಾಡಿಕೊಂಡು, ತಣ್ಣಗ ಅಂದಳು:

"ನಿಮ್ಮನ್ನ ಯಾರು ಕರದ್ರು? ನಾ ಹೊಳಿನ ಕರದೇನಿ. ಓ ಅಂದದ್ದು ನೀವು."